ನಾನೂರ ಹದಿನೇಳನೆಯ ಹೆಪ್ಪು

ಟೇಪು ಮೂರನೆಯ ಸುತ್ತು ಬರುವಷ್ಟರಲ್ಲಿ ಗೌರವ್ವ ಗಡಿಗೆಯ ಮೇಲೆ ಅಂಗೈ ಊರಿಬಿಟ್ಟಳು.

"ಕೈ ತಗೀರಿ ಅವ್ವಾರ," ಅಂದ ಕುಲಗೋಡ. ಇಲಾಖೆಯ ಇನ್‌ಸ್ಪೆಕ್ಟರ್. ಎಡಗೈಯಲ್ಲಿ ಟೇಪಿನ ಸುರುಳಿ, ಬಲಗೈಯಲ್ಲಿ ಕತ್ತರಿ, ಬಾಯಲ್ಲಿ ಪೆನ್ನಿನ ಮುಚ್ಚಳ ಹಿಡಿದು ಅಡಿಗೆಮನೆಯ ಕಟ್ಟೆಯ ಮುಂದೆ ನಿಂತಿದ್ದ.

"ತಗಿಯೂದಿಲ್ಲ. ಇವತ್ತಿನ ಹಾಲು ಹಾಕಿಲ್ಲ ಇದಕ್ಕ. ಹಾಲು ಹಾಕತೀನಿ, ಆಮ್ಯಾಲೆ ಟೇಪರ ಸುತ್ತರಿ, ಸರಪಳಿಯರ ಬಿಗೀರಿ."

"ಹಾಲು ಹಾಕಾಕ ನೀವು ಈಗ ನೋಂದಾಯಿತರಲ್ಲ."

"ಹಂಗಾರ ನೀವ ಹಾಕ್ರಿ."

"ನಾನೂ ಅಲ್ಲ. ನಾನು ಸೀಲು ಹಾಕೂದಕ್ಕಷ್ಟ ನೋಂದಾಯಿತ."

ಬಾಗಿಲಲ್ಲಿ ನಿಂತಿದ್ದ ಇಂದುಮತಿ ಒಳಗೆ ಬಂದಳು. ಮನೆಯಿಂದ ಫೋನು ಬಂದ ಕೂಡಲೇ ಆಟೊ ಹಿಡಿದು ಬಂದವಳು, ಪ್ರಯೋಗಾಲಯದ ಬಿಳಿ ಕೋಟನ್ನೂ ಬಿಚ್ಚಿರಲಿಲ್ಲ. "ಸರ, ನಂದು ನೋಂದಣಿ ಐತಿ. ನಾನು ಹಾಕತೀನಿ."

ಕುಲಗೋಡ ಕತ್ತರಿ ಕೆಳಗಿಟ್ಟು, ಕಂಕುಳಲ್ಲಿದ್ದ ಹಲಗೆಯಂಥ ಯಂತ್ರ ತೆಗೆದು ಅದರ ಮೇಲೆ ಬೆರಳಾಡಿಸಿದ. "ನಿಮ್ಮದು ಪ್ರಯೋಗಾಲಯದ್ದು, ಮೇಡಂ. ಆ ಗೇಟಿನ ಒಳಗ ಸಾವಿರ ಗಡಿಗಿ ಮುಟ್ಟರಿ, ಯಾರೂ ಕೇಳೂದಿಲ್ಲ. ಇಲ್ಲಿ ನೀವು ಬರೇ ಮಗಳು."

"ಹಂಗಾರ ಇದನ್ನ ಪ್ರಯೋಗಾಲಯಕ್ಕ ಒಯ್ಯರಿ. ಅಲ್ಲೇ ಹಾಕತೀನಿ."

"ಒಯ್ಯಾಕ ಸಾಗಣೆ ನೋಂದಣಿ ಬೇಕು. ಆ ಗಾಡಿ ಹುಬ್ಬಳ್ಳಿಯಿಂದ ಬರಬೇಕು."

"ಯಾವಾಗ ಬರತೈತಿ?"

"ಅರ್ಜಿ ಹಾಕೀನಿ."

ಗೌರವ್ವನ ಕೈಯನ್ನು ಮಗಳೇ ಮೆಲ್ಲಗೆ ಎತ್ತಿದಳು. ಕುಲಗೋಡ ಉಳಿದ ಎರಡು ಸುತ್ತು ಸುತ್ತಿ, ಅರಗು ಕರಗಿಸಿ, ಮುದ್ರೆ ಒತ್ತಿದ. ಮೊಸರಿನ ಗಡಿಗೆ ಇದ್ದ ಜಾಗದಲ್ಲೇ, ಉಪ್ಪಿನ ಡಬ್ಬಿಗೂ ಕಡಗೋಲಿಗೂ ನಡುವೆ, ಸರ್ಕಾರದ ವಶಕ್ಕೆ ಹೋಯಿತು. ಪಡಸಾಲೆಯ ಮಂಚದ ಮೇಲಿಂದ ಚನ್ನಬಸಪ್ಪ ಕೂಗಿ ಕೇಳಿದ: "ಇಂದೂ, ಯಾರದು? ಹಾಲಿನವನೇನು?"

ಕುಲಗೋಡ ಟೇಪು, ಕತ್ತರಿ ಚೀಲಕ್ಕೆ ಹಾಕಿಕೊಂಡು ಹೊರಟ.

ಆ ಗಡಿಗೆಯಲ್ಲಿದ್ದದ್ದು ಮೊಸರೇ. ರುಚಿಯಲ್ಲಿ ತುಸು ಕಹಿ, ಅಷ್ಟೇ ವ್ಯತ್ಯಾಸ. ಹಾಲನ್ನು ಮೊಸರಾಗಿಸುವ ಸೂಕ್ಷ್ಮಜೀವಿಯೊಳಕ್ಕೆ ಗಸಗಸೆ ಗಿಡದ ಒಂದಿಷ್ಟು ಗುಣವನ್ನು ಹೊಲಿದು ಸೇರಿಸಿದ್ದರು. ಹಾಲು ಹೆಪ್ಪಾಗುವಾಗ ಅದು ಹುಳಿಯ ಜೊತೆಗೆ ನೋವು ಕೊಲ್ಲುವ ಮದ್ದನ್ನೂ ಹುಟ್ಟಿಸುತ್ತಿತ್ತು. ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು ಬಟ್ಟಲು. ಈ ಮದ್ದಿನ ಮಾತ್ರೆ ಇಟ್ಟುಕೊಳ್ಳಲು ಬೇಕಾದ ಪರವಾನಗಿಗಳಿಗೆ ಬೇಸತ್ತು ಔಷಧದಂಗಡಿಗಳು ಅದನ್ನು ತರಿಸುವುದನ್ನೇ ಬಿಟ್ಟಮೇಲೆ, ಕ್ಯಾನ್ಸರು ಮೂಳೆಗೆ ಇಳಿದವರು ಗೋಡೆ ಪರಚಿಕೊಂಡು ಸಾಯುವ ಕಾಲ ಬಂದಿತ್ತು. ಆಗ ಯಾರೋ ಪುಣ್ಯಾತ್ಮರು ಯೋಚಿಸಿದರು: ಅಂಗಡಿಯೇ ಬೇಡ, ಮದ್ದು ಮನೆಯಲ್ಲೇ ಬೆಳೆಯಲಿ, ನಮ್ಮ ಹೆಂಗಸರಿಗೆ ಹೆಪ್ಪು ಹಾಕುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬೊಬ್ಬ ರೋಗಿಯ ಮೈಗೂ ತೂಕಕ್ಕೂ ಹೊಂದುವ ಹಾಗೆ ಒಂದೊಂದು ಹೆಪ್ಪು, ಒಂದೊಂದಕ್ಕೂ ಒಂದು ಸಂಖ್ಯೆ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದು, ಈಗ ಬೆನ್ನೆಲುಬಿನೊಳಗೆ ರೋಗ ಹೊತ್ತು ಮಲಗಿದ ಚನ್ನಬಸಪ್ಪನ ಪಾಲಿಗೆ ಬಂದದ್ದು ನಾನೂರ ಹದಿನೇಳು.

ಅದರ ಹಿಂದೆಯೇ ಕಾಯ್ದೆ ಬಂತು. ಸಜೀವ ನಿಯಂತ್ರಿತ ದ್ರವ್ಯಗಳ ನಿರ್ವಾಹಕರ ನೋಂದಣಿ ಕಾಯ್ದೆ. ಒಂದು ಮನೆಗೆ ಒಬ್ಬನೇ ನಿರ್ವಾಹಕ. ಗಡಿಗೆಗೆ ಸರ್ಕಾರಿ ಮುಚ್ಚಳ; ನೋಂದಾಯಿತ ಹೆಬ್ಬೆಟ್ಟಿಗಷ್ಟೇ ತೆರೆದುಕೊಳ್ಳುವಂಥದ್ದು. ತೆರೆದಾಗಲೊಮ್ಮೆ ತೂಕ ಬರೆದುಕೊಳ್ಳುತ್ತಿತ್ತು. ಹೆಪ್ಪು ಕೊಟ್ಟಮೇಲೆ ಪ್ರಯೋಗಾಲಯದ ಮೂಲವನ್ನು ಸುಟ್ಟುಬಿಡಬೇಕು, ಕದ್ದು ಮಾರುವವರಿಗೆ ಸಿಗಬಾರದೆಂದು. ಹೊಸದನ್ನು ಹೊಂದಿಸಲು ಆರು ವಾರ. ಹಾಲು ಹಾಕದೆ ಬಿಟ್ಟರೆ ಹಳೆಯದು ಬದುಕುವುದು ನಾಲ್ಕೇ ದಿನ. ಕಾಯ್ದೆ ಬರೆದವರು ಎಲ್ಲವನ್ನೂ ಯೋಚಿಸಿದ್ದರು. ಯಾರೋ ಬಟ್ಟಲು ಹಿಡಿದು ಬಾಗಿಲಿಗೆ ಬಂದು ನಿಂತರೆ ಏನು ಮಾಡಬೇಕು ಎಂಬುದೊಂದನ್ನು ಬಿಟ್ಟು.

ಬಂದವಳು ಪಕ್ಕದ ಮನೆಯ ಮೆಹಬೂಬಿ. ಒಂದು ತಿಂಗಳ ಹಿಂದಿನ ಮಾತು. ಅವಳ ಮನೆಯ ಮೊಸರು ನೂಲು ಬಂದು ಕೆಟ್ಟುಹೋಗಿತ್ತು. ಗೌರವ್ವನ ಮನೆಯ ಬರಿ ಮೊಸರನ್ನೆಲ್ಲ ಅವತ್ತು ಬಂದ ಬೀಗರು ಮಜ್ಜಿಗೆ ಮಾಡಿ ಕುಡಿದುಹೋಗಿದ್ದರು. ಗದಗಿನ ಆ ನೂಲಿನ ಓಣಿಯಲ್ಲಿ ಹೆಪ್ಪು ಕೇಳಿ ಬಂದವರಿಗೆ ಇಲ್ಲ ಅಂದ ಮನೆ ಇಲ್ಲ. ಇಲ್ಲ ಅನ್ನುವುದು ಹೇಗೆ ಅಂತ ಗೌರವ್ವನಿಗೆ ಗೊತ್ತೂ ಇರಲಿಲ್ಲ. ಸರ್ಕಾರಿ ಮುಚ್ಚಳಕ್ಕೆ ಹೆಬ್ಬೆಟ್ಟು ಒತ್ತಿದಳು, ಒಂದು ಚಮಚ ತೆಗೆದಳು, ಬಟ್ಟಲಿಗೆ ಹಾಕಿದಳು.

"ಬರೇ ಒಂದು ಚಮಚಾ," ಅಂದಿದ್ದಳು ಸೀಲು ಬಿದ್ದಮೇಲೆ ಮಗಳ ಮುಂದೆ. "ಒಂದು ಚಮಚಾದಾಗ ಮದ್ದು ಎಷ್ಟಿರತೈತಿ? ಸಾಸಿವಿಯಷ್ಟೂ ಇಲ್ಲ."

"ಯವ್ವಾ, ಅದು ಸಕ್ಕರಿ ಅಲ್ಲ. ಹೆಪ್ಪದು. ಒಂದು ಚಮಚಾ ಅಂದ್ರ ಪೂರಾ ಗಡಿಗಿನ ಕೊಟ್ಟಂಗ."

"ಅದು ಗೊತ್ತಿಲ್ಲೇನ ನನಗ? ನನಗ ಹೆಪ್ಪು ಹಾಕೂದು ಕಲಿಸಾಕ ಬರತಿಯೇನು?"

ಗೊತ್ತಿತ್ತು. ಗೊತ್ತಿದ್ದದ್ದು ಆ ಹೊತ್ತಿಗೆ ನೆನಪಾಗಿರಲಿಲ್ಲ, ಅಷ್ಟೇ. ಮೆಹಬೂಬಿಯಿಂದ ಅದು ಮೂಲೆಮನೆಗೆ ಹೋಯಿತು, ಅಲ್ಲಿಂದ ಎದುರುಮನೆಗೆ. ಮೂರು ವಾರದಲ್ಲಿ ಹನ್ನೊಂದು ಮನೆ. ದರ್ಜಿ ರುದ್ರಪ್ಪ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ನಿದ್ದೆಹೋದ. ಮೊಣಕಾಲು ನೋವಿನ ಮುದುಕಿಯರು ಪಾಯಖಾನೆಯಲ್ಲಿ ಅರ್ಧರ್ಧ ತಾಸು ಕೂತು ಬರತೊಡಗಿದರು. ಆದರೆ ಕೂತು ಏಳುವಾಗ ಯಾರೂ ನರಳಲಿಲ್ಲ. ಓಣಿಯಲ್ಲಿ ಜಗಳ ಕಡಿಮೆಯಾಗಿತ್ತು. ಬೇಸಿಗೆಯ ಝಳ ಅಂತ ಎಲ್ಲರೂ ಅಂದುಕೊಂಡರು.

ಊರಾಚೆಯ ಪ್ರಯೋಗಾಲಯದಲ್ಲಿ ಒಂದು ಯಂತ್ರವಿತ್ತು. ಸಿಬ್ಬಂದಿ ಅದನ್ನು ಮೂಗು ಎನ್ನುತ್ತಿದ್ದರು. ಊರಿನ ಮೋರಿಗಳ ನೀರನ್ನು ದಿನಾ ಅದರ ಮುಂದೆ ಹಿಡಿಯುವುದು ಇಂದುಮತಿಯ ಕೆಲಸ. ಪ್ರತಿ ಹೆಪ್ಪೂ ನೀರಿನಲ್ಲಿ ತನ್ನದೇ ಗುರುತು ಬಿಟ್ಟುಹೋಗುವ ಹಾಗೆ ಮಾಡಿದ್ದರು. ಒಂದು ಮನೆಯ ಅಳತೆಗಿಂತ ಹೆಚ್ಚು ಕಂಡರೆ ಮೂಗು ವರದಿ ಬರೆಯುತ್ತಿತ್ತು. ಇಂದುಮತಿ ಸಹಿ ಹಾಕಬೇಕು. ದಿನಕ್ಕೆ ಮುನ್ನೂರು ಸಹಿ. ಮುನ್ನೂರನ್ನೂ ಓದುವವರು ಇಲ್ಲೀತನಕ ಹುಟ್ಟಿರಲಿಲ್ಲ. ಬುಧವಾರ ಮಧ್ಯಾಹ್ನ ಎಂದಿನಂತೆ ಹಾಕಿ ಮುಗಿಸಿದಳು. ಕೈ ತೊಳೆದು ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದಾಗ ಕಣ್ಣು ಸುಮ್ಮನೆ ಪರದೆಯ ಮೇಲೆ ಹೋಯಿತು. ನಾನೂರ ಹದಿನೇಳು. ಹನ್ನೊಂದು ಪಟ್ಟು. ರವಾನೆಯಾಗಿದೆ.

ಗುರುವಾರ ಕುಲಗೋಡ ಟೇಪು ಹಿಡಿದು ಬಂದ.

ಶುಕ್ರವಾರ ಅವಳು ಪ್ರಯೋಗಾಲಯದ ಮೇಲಿನ ಮಹಡಿಯ ನೋಂದಣಿ ಶಾಖೆಯಲ್ಲಿ ನಿಂತಿದ್ದಳು. ಬೆಳಿಗ್ಗೆ ಅಪ್ಪನಿಗೆ ಸೀಲು ಬೀಳುವ ಮೊದಲೇ ಹೊರಗೆ ಬಟ್ಟಲಲ್ಲಿ ತೆಗೆದಿಟ್ಟಿದ್ದ ಕೊನೆಯ ಮೊಸರು ಕೊಟ್ಟು ಬಂದಿದ್ದಳು. ಬಟ್ಟಲನ್ನು ಹಾಗೇ ಇಟ್ಟುಕೊಂಡಿದ್ದರೆ ಹೆಪ್ಪಿಗಾದರೂ ಉಳಿಯುತ್ತಿತ್ತು ಅಂತ ಹೊಳೆದದ್ದು ಅದನ್ನು ತಿಕ್ಕಿ ಬೋರಲು ಹಾಕಿದ ಮೇಲೆ. ಕಿಟಕಿಯ ಆಚೆಯ ಗುಮಾಸ್ತೆ ಒಳ್ಳೆಯ ಹೆಂಗಸು, ಅದೇ ಕಷ್ಟ. ಕೆಟ್ಟವಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

"ನಿಮ್ಮ ತಾಯಾರ ವಿಚಾರಣಿ ಮುಗಿಯಾಕ ಒಂಬತ್ತು ವಾರ," ಅಂದಳು ಗುಮಾಸ್ತೆ.

"ಅಲ್ಲೀತನಕ ನನ್ನ ಹೆಸರಿಗೆ ಮಾಡಿಕೊಡ್ರಿ."

"ನಿಮ್ಮ ಹೆಬ್ಬೆಟ್ಟು ಆಗಲೇ ಕೆಳಗಿನ ಮಹಡಿಗೆ ಐತಲ್ರಿ. ಒಂದ ಹೆಬ್ಬೆಟ್ಟಿಗೆ ಎರಡು ಜಾಗಾ ಇಲ್ಲ."

"ಎಡಗೈದು ಖಾಲಿ ಐತಿ."

ಗುಮಾಸ್ತೆ ನಗಲಿಲ್ಲ. ಪುಟ ತಿರುವಿ ನಿಜವಾಗಿಯೂ ನೋಡಿದಳು. "ಇಲ್ಲ್ರಿ. ಕೈ ಎರಡಾದ್ರೂ ವ್ಯಕ್ತಿ ಒಬ್ಬರ ಅಂತ ಹಾಕ್ಯಾರ."

"ಪ್ರಯೋಗಾಲಯದ್ದು ರದ್ದು ಮಾಡ್ರಿ. ನೌಕರಿ ಹೋದರ ಹೋಗಲಿ."

"ರದ್ದು ಮಾಡಿಸಿಕೊಂಡವರು ಒಂದು ವರ್ಷ ಎಲ್ಲೂ ನೋಂದಾಯಿಸೂ ಹಂಗಿಲ್ಲ."

"ಅಪ್ಪಾರ ಹೆಸರಿಗೆ?"

"ರೋಗಿನ ನಿರ್ವಾಹಕ ಆಗೂ ಹಂಗಿಲ್ಲ. ತಿಂದುಬಿಡತಾರ ಅಂತ."

"ತಿನ್ನಾಕ ಕೊಟ್ಟದ್ದಲ್ಲೇನ್ರಿ ಅದು?"

ಗುಮಾಸ್ತೆ ಪುಸ್ತಕ ಮುಚ್ಚಿಟ್ಟು, "ಹನ್ನೊಂದೂ ಮನಿಯವರದು ಇದಕ್ಕಿಂತ ತೊಡಕೈತ್ರಿ," ಅಂದಳು, ಸಮಾಧಾನ ಹೇಳುವವಳ ಹಾಗೆ. "ಅವರು ಮೊಸರು ಒಪ್ಪಸಬೇಕು. ಒಪ್ಪಸಾಕ ಮುಟ್ಟಬೇಕು. ಮುಟ್ಟಾಕ ನೋಂದಣಿ ಬೇಕು. ನೋಂದಣಿಗೆ ಮುಚ್ಚಳಾ ಬೇಕು, ಮುಚ್ಚಳಾ ಕೊಡೂದು ರೋಗಿ ಇದ್ದ ಮನಿಗಷ್ಟ. ಅದಕ್ಕ ನೋಟೀಸು ಕಳಿಸೀವಿ, ಇದ್ದಲ್ಲೇ ಇಡ್ರಿ ಅಂತ. ತಿನ್ನಬಾರದು, ಚೆಲ್ಲಬಾರದು, ಯಾರಿಗೂ ಕೊಡಬಾರದು."

ಇಂದುಮತಿ ಆಟೊದಲ್ಲಿ ಮನೆಗೆ ಬರುವಾಗ ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಬೈದಳು: ಕಾಯ್ದೆ ಬರೆದವರನ್ನು, ಅವ್ವನನ್ನು, ಬೀಗರನ್ನು, ಓದದೆ ಹಾಕಿದ ತನ್ನ ಸಹಿಯನ್ನು. ಬೈದು ಮುಗಿಯುವ ಮೊದಲೇ ಓಣಿ ಬಂತು. ಅಪ್ಪನ ನರಳಾಟ ಬೀದಿಗೇ ಕೇಳುತ್ತಿತ್ತು. ಒಂದೇ ಹೊತ್ತು ತಪ್ಪಿತ್ತು. ಚನ್ನಬಸಪ್ಪ ಮಂಚದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಸ್ಸು ಹಳ್ಳಕ್ಕೆ ಇಳಿದಾಗ ನಿಂತುಕೊಳ್ಳುವವನ ಹಾಗೆ, ಪ್ರತಿ ಉಸಿರಿಗೂ ಮೈ ಬಿಗಿ ಮಾಡುತ್ತಿದ್ದ. ಹಣೆಯ ಬೆವರನ್ನು ಗೌರವ್ವ ಸೆರಗಿನಿಂದ ಒರೆಸುತ್ತಿದ್ದಳು. ಅಡಿಗೆಮನೆಯಲ್ಲಿ, ಹತ್ತು ಹೆಜ್ಜೆ ದೂರದಲ್ಲಿ, ಅರಗಿನ ಮುದ್ರೆಯ ಕೆಳಗೆ ಅವನ ಮದ್ದು ಹಸಿದು ಕೂತಿತ್ತು.

"ಒಡಿ ಅದನ್ನ," ಅಂದಳು ಗೌರವ್ವ. "ಏನ ಮಾಡತಾರ, ನನ್ನ ಜೇಲಿಗೆ ಹಾಕತಾರ. ಹಾಕಲಿ."

"ಸೀಲು ಒಡದರ ಮುಚ್ಚಳದಾಗಿನ ಬಿಸಿ ತಂತಿ ಹೆಪ್ಪನ್ನ ಸುಡತೈತಿ ಯವ್ವಾ. ಹಂಗ ಮಾಡ್ಯಾರ."

"ಎಂಥಾ ಮಂದಿಬೇ ಅವರು. ಹಾಲಿಲ್ಲದ ಸಾಯಾಕ ಬಿಡತಾರ, ಕೈ ಹಚ್ಚಿದರ ಸುಡತಾರ."

ಹಿತ್ತಿಲ ಬಾಗಿಲಿನಿಂದ ಮೆಹಬೂಬಿ ಬಂದಳು. ಅರವತ್ತು ದಾಟಿದ, ಎತ್ತರದ, ಮಾತು ಕಡಿಮೆಯ ಹೆಂಗಸು. ಬೀಡಿ ಕಟ್ಟಿ ಕಟ್ಟಿ ಬೆರಳ ತುದಿ ನುಣ್ಣಗಾಗಿದ್ದವು. ಸೆರಗಿನ ಕೆಳಗೆ ಮುಚ್ಚಿಕೊಂಡು ತಂದಿದ್ದ ಬಟ್ಟಲನ್ನು ಗೌರವ್ವನ ಕೈಗೆ ಕೊಟ್ಟಳು.

"ಗೌರಕ್ಕ, ನಿಮ್ಮದ ಇದು. ಅಣ್ಣಾಗ ತಿನಸು."

"ಚಿಗವ್ವ, ತಡೀರಿ," ಇಂದುಮತಿ ಅಡ್ಡ ಬಂದಳು. "ನಿಮ್ಮದು ಎಮ್ಮಿ ಹಾಲು. ಗಟ್ಟಿ ಹಾಲಿಗೆ ಮದ್ದು ಎಷ್ಟು ಏರಿರತೈತೋ ಗೊತ್ತಿಲ್ಲ. ಹೆಚ್ಚಾದರ ಉಸಿರ ನಿಲ್ಲತೈತಿ."

"ಹಂಗಾರ ಗೊತ್ತ ಮಾಡಿಕೊಂಡು ಬಾ. ನೀ ಕಲ್ತಾಕಿ ಅಲ್ಲೇನ. ಅಲ್ಲೀತನಕ ಎರಡು ಚಮಚಾ ಕೊಡತೀವಿ. ಎರಡು ಚಮಚಾಕ್ಕ ಯಾರೂ ಸಾಯೂದಿಲ್ಲ. ನಾವು ಹನ್ನೊಂದು ಮನಿಯವರು ಬಟ್ಟಲಗಟ್ಟಲೆ ತಿಂದೀವಿ."

ಮರುದಿನ ಇಂದುಮತಿ ಒಂದು ಹನಿ ಮೊಸರನ್ನು ಔಷಧದ ಖಾಲಿ ಶೀಶೆಯಲ್ಲಿ ಹಾಕಿಕೊಂಡು ಪ್ರಯೋಗಾಲಯಕ್ಕೆ ಹೋದಳು. ಮೂಗಿನ ಹತ್ತಿರ ಸುಳಿಯಲಿಲ್ಲ. ಅದಕ್ಕೆ ತೋರಿಸಿದರೆ ಎಲ್ಲ ಕಡೆ ಡಂಗುರ. ಯಂತ್ರ ಬರುವ ಮೊದಲು ಬಳಸುತ್ತಿದ್ದ ಬಣ್ಣದ ಪಟ್ಟಿಗಳು ಕಪಾಟಿನ ತಳದಲ್ಲಿ ಉಳಿದಿದ್ದವು. ಸಹೋದ್ಯೋಗಿಗಳು ಚಹಾಕ್ಕೆ ಹೋದಾಗ ಪಟ್ಟಿಯೊಂದನ್ನು ಅದ್ದಿ, ಬೆಳಕಿಗೆ ಹಿಡಿದು, ನೇರಳೆ ಬಣ್ಣ ಏರುವುದನ್ನು ಎಣಿಸುತ್ತ ನಿಂತಳು. ಮುಕ್ಕಾಲು ಬಟ್ಟಲು ಸಾಕು. ಆ ಮಧ್ಯಾಹ್ನವಿಡೀ ಯಾರು ಕರೆದರೂ ಕೈ ಶೀಶೆಯಿದ್ದ ಕೋಟಿನ ಜೇಬಿಗೆ ಹೋಗುತ್ತಿತ್ತು. ಹನ್ನೆರಡು ವರ್ಷ ಇದೇ ಕೋಣೆಯಲ್ಲಿ ಇದೇ ಮದ್ದನ್ನು ಅಳೆದಿದ್ದಳು. ಇವತ್ತು ಒಂದು ಹನಿಗೆ ಕಳ್ಳಿಯಾಗಿದ್ದಳು.

ಹೀಗೆ ಎರಡು ವಾರ ನಡೆಯಿತು. ಮೆಹಬೂಬಿ ದಿನಾ ಸಂಜೆ ಚಿಕ್ಕ ಕುಡಿಕೆಯೊಂದರಲ್ಲಿ ಬೇರೆಯಾಗಿ ಹೆಪ್ಪು ಹಾಕುತ್ತಿದ್ದಳು, ಹೊತ್ತಿಗೆ ಸರಿಯಾಗಿ ಮುಕ್ಕಾಲು ಬಟ್ಟಲು ಹಿತ್ತಿಲಿನಿಂದ ತಂದುಕೊಡುತ್ತಿದ್ದಳು. ಚನ್ನಬಸಪ್ಪ ಎದ್ದು ದಿಂಬಿಗೆ ಒರಗಿ ಕೂರುವಷ್ಟಾದ. "ಮೆಹಬೂಬಿ ಕೈಯಾಗಿನ ಮೊಸರು ಕಹಿ ಕಡಿಮಿ," ಅಂತ ಹೆಂಡತಿಯನ್ನು ಕೆಣಕಿದ. ಓಣಿಯ ಉಳಿದವರು ಸರ್ಕಾರಿ ಮೊಸರು ತಿನ್ನುವುದನ್ನು ಬಿಟ್ಟರು. ಬಿಡುವಾಗ ನಾಲ್ಕು ದಿನ ಎಲ್ಲರಿಗೂ ಮೂಗು ಸೋರಿತು, ಮೈಕೈ ನೋವು ವಾಪಸು ಬಂತು, ಜಗಳ ಮತ್ತೆ ಶುರುವಾಯಿತು.

ಮೂರನೆಯ ಸೋಮವಾರ ಕುಲಗೋಡ ಮತ್ತೆ ಬಂದ. ಸಂಜೆ ಐದರ ಹೊತ್ತು. ಈ ಸಲ ಟೇಪು ಇರಲಿಲ್ಲ. ಅವನ ಮುಖ ಮೂರು ರಾತ್ರಿ ಕಚೇರಿಯಲ್ಲೇ ಕಳೆದವನಂತಿತ್ತು. ನೇರ ಅಡಿಗೆಮನೆಗೆ ಹೋಗಿ ಗಡಿಗೆಯ ಮುಂದೆ ಯಂತ್ರ ಹಿಡಿದ. ಪರದೆಯಲ್ಲಿ ಹಳದಿ ನೀರು, ಬೂಸು. ನಾನೂರ ಹದಿನೇಳು ಸತ್ತುಹೋಗಿತ್ತು.

"ಇದೊಂದು ಆಗಬಾರದಿತ್ತು," ಅಂದ.

"ಆಗತೈತಿ ಅಂತ ಅವತ್ತ ಹೇಳಿದ್ದೆ," ಅಂದಳು ಗೌರವ್ವ.

"ನಿಮಗ ತಿಳಿಯೂದಿಲ್ಲ ಅವ್ವಾರ. ಫೈಲ್‌ನಾಗ ಎರಡ ಕಾಲಂ ಅದಾವು. ಒಂದು, ನಿರ್ವಾಹಕರ ಕೈಯಾಗ ಐತಿ. ಇನ್ನೊಂದು, ನೋಂದಾಯಿತರು ನಾಶ ಮಾಡ್ಯಾರ. ತಾನ ಸತ್ತದ್ದಕ್ಕ ಕಾಲಂ ಇಲ್ಲ. ಫೈಲು ಮುಗಿಯೂದಿಲ್ಲ, ನನ್ನ ಬಿಡೂದೂ ಇಲ್ಲ." ಪಡಸಾಲೆಗೆ ಬಂದು ಕುರ್ಚಿಯ ತುದಿಗೆ ಕೂತ. ಮಂಚದ ಮೇಲಿದ್ದ ಚನ್ನಬಸಪ್ಪನನ್ನು ನೋಡಿದ. ಮದ್ದಿಲ್ಲದೆ ಎರಡು ವಾರ ಕಳೆದ ರೋಗಿ ಹೀಗಿರುವುದಿಲ್ಲ ಅನ್ನುವುದು ಅವನಿಗೂ ತಿಳಿಯುತ್ತಿತ್ತು. "ಜೀವಂತ ಇರೂದು ಎಲ್ಲಿ ಐತಿ ಅಂತ ನಾ ಕೇಳೂದಿಲ್ಲ. ನನಗ ಗೊತ್ತೈತಿ. ಪಕ್ಕದ ಮನಿಯವರನ್ನ ಕರೀರಿ."

ಮೆಹಬೂಬಿ ಬರುವಾಗ ಕೈಯಲ್ಲಿ ಉಗುರುಬೆಚ್ಚಗಿನ ಹಾಲಿನ ಕುಡಿಕೆಯಿತ್ತು. ಹೆಪ್ಪು ಹಾಕುವ ಹೊತ್ತು ಅದು. ಕರೆದರೆಂದು ಬಿಟ್ಟು ಬಂದರೆ ಹಾಲು ಆರಿಹೋಗುತ್ತದೆಂದು ಹಿಡಿದೇ ಬಂದಿದ್ದಳು.

ಕುಲಗೋಡ ಚೀಲದಿಂದ ಹೊಸ ಮುಚ್ಚಳ ತೆಗೆದು ಸ್ಟೂಲಿನ ಮೇಲಿಟ್ಟ. "ಮ್ಯಾಲಿನವರನ್ನ ಒಪ್ಪಿಸಿ ಬಂದೀನಿ. ನೀವು ನೋಂದಾಯಿಸಿಕೊಳ್ರಿ. ಇವತ್ತ, ಇಲ್ಲೇ. ನಾನೂರ ಹದಿನೇಳು ನಿಮ್ಮ ಹೆಸರಿಗೆ ಬರತೈತಿ. ಈ ಅವ್ವಾರ ವಿಚಾರಣಿ ಬಿಟ್ಟು ಹೋಗತೈತಿ. ಹನ್ನೊಂದೂ ಮನಿ ನೋಟೀಸು ಬಿಟ್ಟು ಹೋಗತೈತಿ. ಅಜ್ಜಾರಿಗೆ ದಿನಾ ಮದ್ದು ಸಿಗತೈತಿ, ಕಾಯ್ದೆ ಪ್ರಕಾರ. ನೀವು ಒಂದು ಹೆಬ್ಬೆಟ್ಟು ಒತ್ತಬೇಕು, ಅಷ್ಟ."

ಇಂದುಮತಿಗೆ ಎರಡು ವಾರದಿಂದ ಶೀಶೆ ಬಚ್ಚಿಟ್ಟುಕೊಂಡು ತಿರುಗಿದ್ದು ಸಾಕಾಗಿತ್ತು. "ಒತ್ತರಿ ಚಿಗವ್ವ," ಅಂದಳು. "ಇನ್ನ ಕದ್ದು ತರೂದು ಬ್ಯಾಡ."

"ಏನೇನ ಬರದಾರ ಅದರಾಗ?" ಮೆಹಬೂಬಿ ಕೇಳಿದಳು.

"ಅದ, ಎಲ್ಲಾರಿಗೂ ಇರೂದು," ಅಂದ ಕುಲಗೋಡ. "ನಿಮ್ಮ ಹೆಬ್ಬೆಟ್ಟಿಗಷ್ಟ ತಗಿಯೂದು. ಬ್ಯಾರೆ ಯಾರಿಗೂ ಹೆಪ್ಪು ಕೊಡೂ ಹಂಗಿಲ್ಲ."

"ಗೌರಕ್ಕಗ?"

"ಅವರಿಗೂ ಇಲ್ಲ. ಅಜ್ಜಾರಿಗೆ ನೀವ ಸ್ವತಃ ತಿನಸಬೇಕು."

"ನನಗ ಜ್ವರಾ ಬಂದರ?"

"ಬದಲಿ ನಿರ್ವಾಹಕರಿಗೆ ಅರ್ಜಿ ಹಾಕಬೇಕು."

"ಎಷ್ಟು ದಿನಾ?"

ಕುಲಗೋಡ ಮುಚ್ಚಳದ ಮೇಲಿನ ಧೂಳು ಒರೆಸಿದ. "ಆರು ವಾರ ಹಿಡೀತೈತಿ."

"ನಾ ಸತ್ತರ?"

"ಹಂಗ್ಯಾಕ ಮಾತಾಡತೀರಿ ಅವ್ವಾರ."

"ಅರವತ್ತಮೂರು ನನಗ. ಮಾತಾಡಬೇಕಲ್ಲ." ಅವಳು ಕುಡಿಕೆಯನ್ನು ಎಡಗೈಯಿಂದ ಬಲಗೈಗೆ ಬದಲಿಸಿ ಅದರ ಬಿಸಿ ನೋಡಿದಳು. "ಒಂದ ಮನ್ಯಾಗ ಇಟ್ಟಿದ್ದಿರಿ, ಸತ್ತಿತು. ಈಗ ಬ್ಯಾರೆ ಒಂದ ಮನ್ಯಾಗ ಇಡತೀನಿ ಅಂತೀರಿ. ನನ್ನದು ಕೆಟ್ಟರ ಅಣ್ಣಾಗ ತರಾಕ ನನಗ ಇನ್ನೊಂದು ಮನಿ ಬೇಕು ಸಾಹೇಬರ. ಅದಾವು. ಎಷ್ಟು, ಯಾವು ಅಂತ ಕೇಳಬ್ಯಾಡ್ರಿ."

"ಕೇಳಿದರ ನಾನು ಬರೀಬೇಕಾಗತೈತಿ," ಅಂದ ಕುಲಗೋಡ, ಅರ್ಧ ತನಗೇ ಹೇಳಿಕೊಳ್ಳುವವನಂತೆ. ಆಮೇಲೆ ದನಿ ಏರಿಸಿದ: "ನೀವು ಒತ್ತಲಿಲ್ಲ ಅಂದ್ರ ನಿಮ್ಮ ಕುಡಿಕಿಗೂ ಸೀಲು ಹಾಕಬೇಕಾಗತೈತಿ. ನಾನೇನು ಖುಷಿಯಿಂದ ಹಾಕೂದಿಲ್ಲ."

"ಚಿಗವ್ವ, ಕೇಳ್ರಿಲ್ಲೆ," ಇಂದುಮತಿ ಅವಳ ಹತ್ತಿರ ಬಂದಳು. ಯಾರ ಮೇಲೆ ಸಿಟ್ಟು ಬರುತ್ತಿದೆಯೆಂದು ಅವಳಿಗೇ ತಿಳಿಯದಷ್ಟು ಸಿಟ್ಟು ಬಂದಿತ್ತು. "ನಿಮ್ಮ ಮನಿಗೂ ಸೀಲು ಬಿದ್ದರ, ನಾಳೆ ಉಳಿದವರೂ ಹೆದರಿ ಚೆಲ್ಲಿದರ, ಅಪ್ಪಾಗ ಏನ ಗತಿ? ಒಂದು ಹೆಬ್ಬೆಟ್ಟು. ಆಮ್ಯಾಲೆ ಏನಾರ ಮಾಡೂಣಂತ. ಅಪ್ಪಾ, ನೀನರ ಹೇಳು."

ಚನ್ನಬಸಪ್ಪ ದಿಂಬಿಗೆ ಒರಗಿದಲ್ಲಿಂದಲೇ ಮೆಹಬೂಬಿಯನ್ನು ನೋಡಿದ. ಸಂಜೆಯ ಪಾಲಿನ ಹೊತ್ತು ಹತ್ತಿರ ಬಂದಿತ್ತು; ಕೈಗಳು ಆಗಲೇ ಮಂಚದ ಪಟ್ಟಿಯನ್ನು ಹುಡುಕುತ್ತಿದ್ದವು. "ನಾ ಏನ ಹೇಳಲಿ," ಅಂದ. "ಹೆಪ್ಪು ಹಾಕಾಕಿ ಅಕಿ."

ಕುಲಗೋಡ ಹಲಗೆಯನ್ನು ಅವಳ ಮುಂದೆ ಹಿಡಿದ. ಹೆಬ್ಬೆಟ್ಟಿನ ಜಾಗ ಹಸಿರಾಗಿ ಮಿನುಗಿತು. "ಹಾಲು ಆರಾಕತ್ತೈತಿ ಅವ್ವಾರ," ಅಂದ, ಬೇಡಿಕೊಳ್ಳುವವನ ಹಾಗೆ.

"ಕಾಣತೈತಿ," ಅಂದಳು ಮೆಹಬೂಬಿ. ಸೊಂಟಕ್ಕೆ ಸಿಕ್ಕಿಸಿದ್ದ ಪುಟ್ಟ ಡಬ್ಬಿ ತೆಗೆದು, ಅದರೊಳಗಿನ ಒಂದು ಚಮಚ ಮೊಸರನ್ನು ಅವನ ಕಣ್ಣೆದುರೇ ಹಾಲಿಗೆ ಬಿಟ್ಟು, ಬೆರಳಿಂದ ಒಂದು ಸುತ್ತು ತಿರುಗಿಸಿದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡು, ಕುಡಿಕೆಯನ್ನು ಗೌರವ್ವನ ಕೈಗೆ ಕೊಟ್ಟಳು.

ಹಲಗೆ ಇನ್ನೂ ಅವಳ ಮುಂದೆಯೇ ಇತ್ತು.

"ಬ್ಯಾಡ್ರಿ," ಅಂದಳು. "ನಾ ಒತ್ತೂದಿಲ್ಲ."